ಕಾಲು ಮಡಚಿ ಕೂತ ಡ್ರೈವರ್

ಆ ದಿನ ಬಾನೆಟ್ ಎತ್ತಿದವನು ನಾನೋ ಅಣ್ಣನೋ, ಈಗ ಆಣೆ ಮಾಡಿ ಹೇಳಲಾರೆ. ಅಣ್ಣನನ್ನು ಕೇಳಿದರೆ ಅಂಥ ದಿನವೇ ಇರಲಿಲ್ಲ ಅನ್ನುತ್ತಾನೆ. ಮರೆತರೆ ಅವನಿಗೆ ಅನುಕೂಲ; ನೆನಪಿಟ್ಟರೆ ನನಗೆ ಅನುಕೂಲ. ಹಾಗಾಗಿ ಇಬ್ಬರನ್ನೂ ಪೂರ್ತಿ ನಂಬಬೇಡಿ. ಸಿಟ್ಟು ಮಾತ್ರ ಇನ್ನೂ ಆರಿಲ್ಲ.

ಎಂಬತ್ತರ ದಶಕ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಮಾಗಡಿಯ ಮನೆಯಲ್ಲಿ ಕೆಲಸವಿಲ್ಲದೆ ಕೂತಿದ್ದೆ. ಅಪ್ಪ ರೇಷ್ಮೆಗೂಡನ್ನು ಹಳೇ ಕಾರಿಗೆ ತುಂಬಿ, ತಾವೇ ಓಡಿಸಿಕೊಂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತಿದ್ದರು. ಹಿಂದಿನ ವರ್ಷ ಲಕ್ವ ಹೊಡೆದು ಅವರ ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಕಾರೂ ಅದೇ ಹೊತ್ತಿಗೆ ಹಠ ಹಿಡಿಯಿತು. ಬೆಳಗ್ಗೆ ಐಡ್ಲಿಂಗ್ ಚೆನ್ನಾಗಿರುತ್ತಿತ್ತು. ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಇಂಜಿನ್ ತನ್ನಷ್ಟಕ್ಕೆ ಸಣ್ಣಗೆ ಓಡುತ್ತಿತ್ತು. ಬಿಸಿಯಾದ ಮೇಲೆ ಎಲ್ಲಿ ನಿಲ್ಲಿಸಿದರೂ ಏರಿ ಇಳಿದು ಆರಿಹೋಗುತ್ತಿತ್ತು. ಒಮ್ಮೆ ಮಾರುಕಟ್ಟೆಯ ಗೇಟಿಗೆ ಅಡ್ಡವಾಗಿ ನಿಂತುಬಿಟ್ಟಿತು. ಹಿಂದಿನವರು ಹಾರ್ನ್ ಹೊಡೆದರು. ಯಾರೋ, "ಗೌಡ್ರೇ, ಎತ್ತು ಕಟ್ಕೊಂಡ್ ಬನ್ನಿ" ಅಂದರಂತೆ. ಅಂದು ಸಂಜೆಯೇ ಅಣ್ಣ ಕೀ ಕಿತ್ತುಕೊಂಡ.

"ಗಾಡಿ ಕೆಟ್ಟಿಲ್ಲ ಕಣ್ಲಾ," ಅಂದ ನನಗೆ. "ಅಪ್ಪನ್ ಕಾಲು ಕ್ಲಚ್ ಪೂರ್ತಿ ತುಳಿಯಾಕಿಲ್ಲ. ಅದ್ಕೇ ಆಫ್ ಆಯ್ತದೆ."

ಮೆಕ್ಯಾನಿಕ್ಕೂ ಅದಕ್ಕೇ ತಲೆಯಾಡಿಸಿದ. ಅವನು ನೋಡಿದ್ದೆಲ್ಲ ಬೆಳಗಿನ ತಣ್ಣಗಿನ ಇಂಜಿನ್. ಸ್ಕ್ರೂ ತಿರುಗಿಸುತ್ತಿದ್ದ, ಅದು ಓಡುತ್ತಿತ್ತು, ಅಲ್ಲಿಗೆ ಮುಗಿಯಿತು. ಬಿಸಿ ಇಂಜಿನ್ನಿನ ಮುಂದೆ ಒಬ್ಬನೂ ನಿಲ್ಲಲಿಲ್ಲ. ಮನುಷ್ಯನ ಕಾಲನ್ನು ದೂರುವುದು ಇವರಿಗೆ ಅಷ್ಟು ಸಲೀಸಾಗಿತ್ತು.

ಇಂಜಿನ್ ಬಿಸಿಯಾಗಲೆಂದು, ಜಗಳವಾಡಿ, ಅಣ್ಣನೇ ಕಾರನ್ನು ರಾಮನಗರಕ್ಕೆ ಹೋಗಿಬರುವಷ್ಟು ದೂರ ಓಡಿಸುವಂತೆ ಮಾಡಿದೆ. ಮನೆ ಮುಂದೆ ಬಂದಾಗ, ಇಂಜಿನ್ ತಣ್ಣಗಾಗುವ ಮೊದಲೇ, ನ್ಯೂಟ್ರಲ್‌ನಲ್ಲಿಟ್ಟು ಅವನನ್ನು ಇಳಿಸಿ ಅಪ್ಪನನ್ನು ಕೂರಿಸಿ ಸ್ಟಾರ್ಟ್ ಮಾಡಿಸಿದೆ.

"ಎರಡೂ ಕಾಲು ಮಡಿಚ್ಕೊಂಡು ಸೀಟ್ ಮ್ಯಾಲೆ ಕೂತ್ಕಳಪ್ಪ."

"ಉಣ್ಣಾಕೆ ಕೂತಂಗಾ?"

"ಹೂಂ, ಹಂಗೇಯ."

ಅಪ್ಪ ಎಡಗಾಲನ್ನು ಕೈಯಲ್ಲಿ ಎತ್ತಿ ಮಡಚಿ, ಸ್ಟೀರಿಂಗಿನ ಹಿಂದೆ ಕಷ್ಟಪಟ್ಟು ಚಕ್ಕಳಮಕ್ಕಳ ಹಾಕಿದರು. ಇಂಜಿನ್ ಏರಿತು, ಇಳಿಯಿತು, ನಿಂತಿತು.

"ಈಗ ಯಾವ್ ಕಾಲು ಯಾವ್ ಕ್ಲಚ್ ತುಳೀತು, ಹೇಳು," ಅಂದೆ ಅಣ್ಣನಿಗೆ. ಅವನು ರಸ್ತೆ ನೋಡಿದ.

ನನ್ನ ಅನುಮಾನ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಕೆಳಗೆ ಸಂದಿ ಬಿಡದಂತೆ ಕೂರಿಸಿದ್ದ ಬಿಲ್ಲೆಯ ಮೇಲಿತ್ತು. ಹಳೆಯದು ಒಡೆದಾಗ ಅಪ್ಪ ಚನ್ನಪಟ್ಟಣದ ಗೊಂಬೆ ಮಾಡುವ ಸ್ನೇಹಿತರೊಬ್ಬರಿಂದ ಮರದಲ್ಲಿ ಕಡೆಸಿ ತಂದಿದ್ದರು. ಬರೀ ಮರ ಸಾಕು ಅಂದರೂ ಆ ಸಾಬರು ಕೇಳಿರಲಿಲ್ಲವಂತೆ. "ಬಣ್ಣ ಇಲ್ದೆ ನಮ್ಮ ಅಂಗ್ಡಿಯಿಂದ ಒಂದು ಬುಗುರೀನೂ ಆಚೆ ಹೋಗಿಲ್ಲ ಗೌಡ್ರೇ," ಎಂದು ಮೇಲೆ, ಕೆಳಗೆ, ಸುತ್ತ ಕೆಂಪು ಅರಗು ಹಚ್ಚಿ ಕೊಟ್ಟಿದ್ದರು. ಅದನ್ನು ಕಾರಿಗೆ ಹಾಕುವ ಮೊದಲು ಅಪ್ಪ ಬೀದಿಗೆಲ್ಲ ತೋರಿಸಿದ್ದರು.

ಮತ್ತೆ ಸ್ಟಾರ್ಟ್ ಮಾಡಿಸಿ, ಆ ಬಿಲ್ಲೆಯ ಸಂದಿಗೆ ಸುತ್ತಲೂ ಎಣ್ಣೆ ಬಿಟ್ಟೆ. ಏರಿಳಿತ ನಿಂತು ಇಂಜಿನ್ ಸಮವಾಗಿ ಓಡಿತು. ಎಣ್ಣೆ ಹೀರಿಕೊಂಡು ಹೋದ ಮೇಲೆ ಮತ್ತೆ ಆರಿತು. ಗಾಳಿ ನುಗ್ಗುತ್ತಿದ್ದದ್ದು ಅಲ್ಲಿಂದಲೇ. ಬಿಚ್ಚಿದಾಗ ಅರಗು ಕರಗಿ ಒಂದು ಬದಿಗೆ ಸರಿದಿತ್ತು. ಸರಿದಿತ್ತು ಎಂದು ನನ್ನ ನೆನಪು.

"ಸರಿ ಬುಡು, ಬ್ಯಾರೇದ್ ಹಾಕ್ಸಾನ," ಅಂದ ಅಣ್ಣ. ಕೀ ಜೇಬಿಗೆ ಹಾಕಿಕೊಂಡ.

ಬೇರೆ ಬಿಲ್ಲೆ ಹಾಕಿದೆವು. ಬಿಸಿಲಲ್ಲಿ ನಿಲ್ಲಿಸಿದರೂ ಗೇಟಿನಲ್ಲಿ ನಿಲ್ಲಿಸಿದರೂ ಇಂಜಿನ್ ಆರದೆ ಸಣ್ಣಗೆ ಓಡುತ್ತಲೇ ಇರುತ್ತಿತ್ತು. ಅಪ್ಪನಿಗೆ ಕೀ ಕೊಡು ಎಂದು ನಾನು ಕೂಗಾಡಿದೆ.

"ಇವತ್ತಲ್ಲ ನಾಳೆ ಕಾಲೂ ಕೈ ಕೊಡ್ತದೆ ಕಣ್ಲಾ," ಅಂದ. ಹಾಗಾದರೆ ಮೊದಲೇ ಅಷ್ಟು ಹೇಳಬಹುದಿತ್ತು. ಇಂಜಿನ್ನಿನ ನೆಪ ಯಾಕೆ ಬೇಕಿತ್ತು?

ಅಪ್ಪ ಪಕ್ಕದ ಸೀಟಿಗೆ ಹೋದರು. ಒಮ್ಮೆ ಏರಿನಲ್ಲಿ, "ಗೇರ್ ಇಳ್ಸು" ಅಂದರು. "ನೀನ್ ಒಸಿ ಸುಮ್ಕಿರಪ್ಪ" ಅಂದ ಅಣ್ಣ. ಆಮೇಲೆ ಅವರು ಕಿಟಕಿಯ ಕಡೆಗೇ ಮುಖ ಮಾಡಿ ಕೂರುತ್ತಿದ್ದರು.

ಅಪ್ಪ ಹೋಗಿ ಬಹಳ ವರ್ಷವಾದ ಮೇಲೆ ಅವರ ಟ್ರಂಕಿನಲ್ಲಿ ಆ ಬಿಲ್ಲೆ ಸಿಕ್ಕಿತು. ಅಂಚಿನಲ್ಲಿ ಕೆಂಪು ಉಳಿದಿತ್ತು. ಒಲೆಯ ಮೇಲೆ ಕುದಿಯುತ್ತಿದ್ದ ನೀರಿನಲ್ಲಿ ಅದನ್ನು ಅದ್ದಿ ತೆಗೆದು ಉಗುರಿನಿಂದ ಒತ್ತಿದೆ. ಅರಗು ಮೆತ್ತಗಾಗಿ ಉಗುರಿನ ಜೊತೆಗೇ ಬಂತು.