ಏಳನೆಯ ಪರಮಾಣು

ನಮ್ಮ ಪ್ರಯೋಗಾಲಯದಲ್ಲಿ ಆಕೆಯನ್ನು ಎಲ್ಲರೂ ಕರೆಯುವುದು ಸೊನ್ನೆ ಮೇಡಂ ಎಂದೇ. ಔಷಧದ ಅಣುವೊಂದನ್ನು ಕಂಪ್ಯೂಟರಿನಲ್ಲಿ ಕುಣಿಸಿ ನೋಡುವ ಮೊದಲು ಅದರ ಒಂದೊಂದು ಪರಮಾಣುವೂ ಯಾವ ಬಗೆಯದು, ಅದರ ಪಾಲಿನ ಚಾರ್ಜ್ ಎಷ್ಟು ಎಂದು ಬರೆದುಕೊಡಬೇಕು. ತಂತ್ರಾಂಶ ತಾನೇ ಬರೆಯುತ್ತದೆ. ಗೊತ್ತಿಲ್ಲದ ಕಡೆ ರಾಜಾರೋಷವಾಗಿ ಸುಳ್ಳು ಬರೆಯುತ್ತದೆ. ಆ ಸುಳ್ಳು ಹಿಡಿಯುವುದು ಮೇಡಂ ಕೆಲಸ. ಧನ, ಋಣ ಎಲ್ಲ ಚಾರ್ಜ್ ಕೂಡಿದರೆ ಸೊನ್ನೆ ಬರಬೇಕು. ಬರದಿದ್ದರೆ ತಾವೂ ಊಟಕ್ಕೆ ಹೋಗುವುದಿಲ್ಲ, ನಮ್ಮನ್ನೂ ಬಿಡುವುದಿಲ್ಲ.

ಪಕ್ಕದ ಕುರ್ಚಿಯಲ್ಲಿ ಮೊದಲು ಅವರ ತಂಗಿ ಇದ್ದಳು. ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಸಾಲುಸಾಲಿಗೂ "ಹೂಂ" ಎನ್ನುತ್ತ ತಾಳೆ ನೋಡಿ ಸಹಿ ಹಾಕುವುದು. ಕೂಡಿದಾಗ ಸಾವಿರದಲ್ಲಿ ಎರಡರಷ್ಟು ಚೂರು ಉಳಿದರೆ ತಂಗಿ ಅದನ್ನು ಯಾವಾಗಲೂ ಏಳನೆಯ ಪರಮಾಣುವಿಗೇ ಸೇರಿಸುತ್ತಿದ್ದಳು. ಅಕ್ಕ ರೇಗಿದರೆ, "ನಡುವೆ ಸಿಕ್ಕಿಹಾಕ್ಕೊಂಡಿದೆ ಪಾಪ, ಅದನ್ನ ಯಾರು ಕೇಳ್ತಾರೆ ಅಕ್ಕ?" ಎನ್ನುತ್ತಿದ್ದಳು.

ಒಮ್ಮೆ ಒಂದು ನೈಟ್ರೋಜನ್ನಿಗೆ ತಪ್ಪು ಬಗೆ ಬಿದ್ದು ಮೂರು ವಾರದ ಲೆಕ್ಕ ಮಣ್ಣುಪಾಲಾಯಿತು. ಮುಖ್ಯಸ್ಥರು ಕೇಳಿದಾಗ ಮೇಡಂ, ನಮ್ಮೆಲ್ಲರ ಎದುರು, "ಅದು ಇವಳ ಕೆಲಸ" ಎಂದುಬಿಟ್ಟರು. ಮರುದಿನ ತಂಗಿ ಬರಲಿಲ್ಲ. ಊರು ಬಿಟ್ಟಳು, ಫೋನ್ ನಂಬರ್ ಬದಲಾಯಿಸಿದಳು.

ಒಂಬತ್ತು ವರ್ಷವಾಯಿತು. ಆ ಕುರ್ಚಿಯಲ್ಲಿ ಯಾರೂ ಕೂರುವಂತಿಲ್ಲ. ಒಮ್ಮೆ ಕೂತು ಚೆನ್ನಾಗಿ ಬೈಸಿಕೊಂಡಿದ್ದೇನೆ. ಮೇಡಂ ಈಗಲೂ ಗಟ್ಟಿಯಾಗಿಯೇ ಓದುತ್ತಾರೆ, ಪ್ರತಿ ಸಾಲಿಗೂ ಒಂದು ಕ್ಷಣ ತಡೆಯುತ್ತಾರೆ.

ಹೋದ ತಿಂಗಳು ಬೇರೊಂದು ಪ್ರಯೋಗಾಲಯದಿಂದ ಪರಿಶೀಲನೆಗೆ ಒಂದು ಫೈಲ್ ಬಂತು. ತಯಾರಿಸಿದವರ ಹೆಸರಿಲ್ಲ, ಕಚೇರಿಯ ಇಮೇಲ್ ಮಾತ್ರ. ಅದರಲ್ಲಿ ಏಳನೆಯ ಮತ್ತು ಹನ್ನೊಂದನೆಯ ಪರಮಾಣುಗಳು ಒಂದೇ ಉಂಗುರದ ಅವಳಿ ಕಾರ್ಬನ್‌ಗಳು, ಚಾರ್ಜ್ ಒಂದೇ ಇರಬೇಕು. ಏಳರಲ್ಲಿ ಸಾವಿರದಲ್ಲಿ ಎರಡು ಹೆಚ್ಚಿತ್ತು. ಮೇಡಂ ಓದುವುದನ್ನು ನಿಲ್ಲಿಸಿದರು.

"ತಪ್ಪಾ ಮೇಡಂ?" ಎಂದೆ.

"ಇದಾಳೆ ಕಣೋ," ಎಂದರು. "ನನ್ನ ತಂಗಿ ಅಲ್ಲಿದಾಳೆ."

ಪರಿಶೀಲನೆಯ ಹಾಳೆಯಲ್ಲಿ ಟಿಪ್ಪಣಿಗೆ ಇರುವುದು ಗೇಣುದ್ದ ಜಾಗ. ಬರೆದು ಅಳಿಸಿ, ಅಳಿಸಿ ಬರೆದು, ಕೊನೆಗೆ ಹಾಕಿದರು: "ಏಳು ಇರಲಿ. ಅವತ್ತಿನ ನೈಟ್ರೋಜನ್‌ಗೆ ತಾಳೆ ನೋಡಿ ಸಹಿ ಹಾಕಿದವಳು ನಾನೇ. ತಪ್ಪು ನಂದೂ." ಇಷ್ಟು ವರ್ಷ ಈ ಮಾತನ್ನು ಅವರು ಯಾರ ಬಳಿಯೂ ಬಾಯಿಬಿಟ್ಟಿರಲಿಲ್ಲ.

ಹದಿನೆಂಟು ದಿನ ಉತ್ತರವಿಲ್ಲ. ನಿನ್ನೆ ಅದೇ ಅಣು ಮತ್ತೆ ಬಂತು. ಏಳರಲ್ಲಿದ್ದ ಚೂರನ್ನು ತೆಗೆದಿದ್ದಳು, ಬೇರೆಲ್ಲಿಗೂ ಸೇರಿಸಿರಲಿಲ್ಲ. ಕೂಡಿದರೆ ಸೊನ್ನೆ ಬರುತ್ತಿರಲಿಲ್ಲ. ಟಿಪ್ಪಣಿಯಲ್ಲಿ ಒಂದೇ ಸಾಲು: "ಉಳಿದಿದ್ದನ್ನ ನೀನೇ ಎಲ್ಲಾದ್ರೂ ಹಾಕು ಅಕ್ಕ."

ಫೋನ್ ನಂಬರ್ ಇಲ್ಲ, ಹೇಗಿದ್ದೀಯ ಎಂಬ ಮಾತಿಲ್ಲ. ಮೇಡಂ ಕನ್ನಡಕ ಒರೆಸಿಕೊಂಡು, ಆ ಚೂರನ್ನು ಏಳಕ್ಕೇ ಸೇರಿಸಿದರು. ಖಾಲಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದರು. ಓದಿ, ತಡೆದರು.

ನನಗೆ ತಡೆಯಲಾಗದೆ "ಹೂಂ" ಎಂದುಬಿಟ್ಟೆ.

"ನೀನಲ್ಲ," ಎಂದರು.