ಗೋದಲಿಯ ಪಕ್ಕ ಒಂಬತ್ತು ಹಣತೆ

ಗೆಳೆಯರೆ, ಒಂದೇ ಕಿಟಕಿಯಲ್ಲಿ ಎರಡು ಹಬ್ಬ ಕೂಡಿಸಿದ್ದಕ್ಕೆ ಹಂಪಿಯ ಗೆಸ್ಟ್‌ಹೌಸ್ ಮಾಲೀಕ ಇವತ್ತು ಅಡುಗೆಯ ರೋಜಮ್ಮಕ್ಕನನ್ನು ಕೆಲಸದಿಂದ ತೆಗೆದ. ಇದು ಅನ್ಯಾಯ.

ಅಲ್ಲಿ ತಂಗಿದ್ದ ಇಸ್ರೇಲಿನ ಯಹೂದಿ ಹುಡುಗಿಯೊಬ್ಬಳು ಹನುಕ್ಕಾ ಹಬ್ಬಕ್ಕೆ ಬೇಕಾದ ಒಂಬತ್ತು ಬತ್ತಿಯ ದೀಪ ಇಲ್ಲವೆಂದು ಪೇಚಾಡುತ್ತಿದ್ದಳು. ಅಕ್ಕ ಒಂಬತ್ತು ಮಣ್ಣಿನ ಹಣತೆ ತಂದು, ತಾನು ಕ್ರಿಸ್‌ಮಸ್‌ಗೆ ಕಿಟಕಿಯಲ್ಲಿ ಕಟ್ಟಿದ್ದ ಬಾಲಯೇಸುವಿನ ಗೋದಲಿಯ ಪಕ್ಕ ಇಟ್ಟಳು. ಎಂಟು ಸಂಜೆ, ದಿನಕ್ಕೊಂದು ಹೆಚ್ಚಿಸುತ್ತ, ಇಬ್ಬರೂ ಸೇರಿ ದೀಪ ಹಚ್ಚಿದರು; ಒಂಬತ್ತನೆಯದು ಉಳಿದವನ್ನು ಹಚ್ಚುವ ಹಣತೆ. ಹನುಕ್ಕಾಕ್ಕೆ ಎಣ್ಣೆಯಲ್ಲಿ ಕರಿದದ್ದು ತಿನ್ನಬೇಕಂತೆ. ಅಕ್ಕ ತನ್ನ ಹಬ್ಬದ ಕರ್ಜಿಕಾಯಿಯನ್ನೇ ಕರಿದುಕೊಟ್ಟಳು.

ಇವತ್ತು ಬೆಳಿಗ್ಗೆ ಹುಡುಗಿ ಊರು ಬಿಟ್ಟಳು. ಮಧ್ಯಾಹ್ನ ಊಟಕ್ಕೆ ಬಂದವರ್ಯಾರೋ ಗೋದಲಿ ನೋಡಿ ಆಕ್ಷೇಪಿಸಿದರು. ಮಾಲೀಕ ಅದನ್ನು ರಟ್ಟಿನ ಡಬ್ಬಿಗೆ ತುಂಬಿದ.

"ಹಬ್ಬಾ ನಿಮ್ಮ ಮನ್ಯಾಗ ಮಾಡ್ಕೋ. ನಾಳಿಂದ ಬರಬ್ಯಾಡ."

"ದಿನಾ ನೀವ ಫೋಟೊ ತಗೊಂಡ್ರಲ್ಲ ಅಣ್ಣಾ?" ಎಂದಳು ಅಕ್ಕ.

"ಅದು ಗಿರಾಕಿ ಸಲುವಾಗಿ."

ಅಲ್ಲೇ ಚಾ ಕುಡಿಯುತ್ತಿದ್ದ ನಾನು ನಡುವೆ ಬಾಯಿ ಹಾಕಿದೆ. "ನೀ ಚಾ ಕುಡದು ಜಲ್ದಿ ನಡಿಲೇ" ಎಂದ.

ಅಕ್ಕ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊಸಪೇಟೆ ಬಸ್ಸಿನಲ್ಲಿ ಹೋದಳು.

ಕಿಟಕಿಯ ಫೋಟೊ ಈಗಲೂ ಗೆಸ್ಟ್‌ಹೌಸಿನ ಫೇಸ್‌ಬುಕ್ ಪುಟದಲ್ಲಿದೆ. ಕೆಳಗೆ, 'ಇಲ್ಲಿ ಎಲ್ಲ ಹಬ್ಬಗಳಿಗೂ ಸ್ವಾಗತ.' ಆ ಮಾತು ನಂಬಿ ನಾವೂ ಹೋಗೋಣ. ಭಾನುವಾರ ಸಂಜೆ ಆರಕ್ಕೆ, ಆ ಕಿಟಕಿಯ ಕೆಳಗೆ. ಒಬ್ಬೊಬ್ಬರು ಒಂದೊಂದು ಹಣತೆ ತನ್ನಿ.