ವಾಸನೆ ಬಂದವರು ಕೈ ಎತ್ತಿ

ಪ್ರತಿವರ್ಷ ಮೊದಲ ಪಾಠಕ್ಕೆ ನಾನು ಪುಸ್ತಕ ಮುಟ್ಟುತ್ತಿರಲಿಲ್ಲ. ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿಸಿ, ಅಮೋನಿಯಾ ದ್ರಾವಣವನ್ನು ಒಂದು ಅಗಲವಾದ ಗಾಜಿನ ತಟ್ಟೆಗೆ ಸುರಿದು, "ವಾಸನೆ ಬಂದವರು ಕೈ ಎತ್ತಿ" ಎನ್ನುತ್ತಿದ್ದೆ. ಮೊದಲ ಬೆಂಚು ಮೂಗು ಹಿಡಿದುಕೊಂಡು ಕೈ ಎತ್ತುತ್ತಿತ್ತು. ಆಮೇಲೆ ಎರಡನೆಯದು, ಮೂರನೆಯದು. ಕೊನೆಗೆ ಹಿಂದಿನ ಬಾಗಿಲಿಗೆ ಒರಗಿ ನಿಂತ ನಮ್ಮ ಲ್ಯಾಬ್ ಅಟೆಂಡರ್ ಕೈ ಎತ್ತಿ "ಬಂತು ಮೇಡಂ" ಎಂದರೆ ಪ್ರಯೋಗ ಮುಗಿಯಿತು. ದ್ರವ್ಯ ಎಂದರೆ ಕಣಗಳು, ಕಣಗಳು ಒಂದು ಕಡೆ ಸುಮ್ಮನೆ ಕೂರುವ ಜಾತಿಯಲ್ಲ, ಕಣ್ಣಿಗೆ ಕಾಣದಿದ್ದರೂ ಇಷ್ಟು ದೂರ ನಡೆದು ನಿಮ್ಮ ಮೂಗಿಗೆ ಬಂದಿವೆ ನೋಡಿ ಎಂದು ಆಮೇಲೆ ವಿವರಿಸುತ್ತಿದ್ದೆ.

ಆ ಅಟೆಂಡರನ್ನು ಇಡೀ ಕಾಲೇಜು ಕರೆಯುತ್ತಿದ್ದದ್ದು ಬಾಟ್ಲಿ ಅಕ್ಕ ಎಂದು. ಹೊಸದಾಗಿ ಸೇರಿದ ಹುಡುಗಿಯೊಬ್ಬಳ ತಂದೆ ಇದನ್ನು ಕೇಳಿ, ಇಂಥವರನ್ನೆಲ್ಲ ಕಾಲೇಜಿನಲ್ಲಿ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಜಗಳಕ್ಕೇ ಬಂದಿದ್ದರು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ಒಂದು ಹೆಸರಿತ್ತು, ಸೋಡಿಯಂ ಮೇಡಂ. ನೀರು ಸೋಕಿದರೆ ಸಾಕು, ಭಗ್ಗೆನ್ನುತ್ತೇನೆ ಎಂದು. ಹೌದು, ನನಗೆ ಕೋಪ ಮೂಗಿನ ತುದಿಯಲ್ಲೇ. ಅದನ್ನು ನಾನು ಯಾವತ್ತೂ ಮುಚ್ಚಿಟ್ಟವಳಲ್ಲ.

ಅಕ್ಕ ಓದಿದ್ದು ಏಳನೇ ಕ್ಲಾಸು. ಆದರೆ ಇಪ್ಪತ್ತಾರು ವರ್ಷ ಶೀಶೆಗಳ ನಡುವೆ ಇದ್ದವರಿಗೆ ಕೈಯೇ ಪುಸ್ತಕ. ಶೀಶೆಯಿಂದ ಸುರಿಯುವಾಗ ಲೇಬಲ್ಲು ಅಂಗೈ ಕಡೆಗೇ ಇರಬೇಕು, ಸೋರಿದ ಹನಿ ಹೆಸರನ್ನು ತಿನ್ನಬಾರದು. ಬಿರಡೆಯನ್ನು ಎರಡು ಬೆರಳ ಸಂದಿಯಲ್ಲಿ ಹಿಡಿದಿರಬೇಕು, ಮೇಜಿನ ಮೇಲೆ ಇಡುವ ಹಾಗಿಲ್ಲ. ಆಸಿಡ್ಡನ್ನು ನೀರಿಗೆ ಹನಿಹನಿಯಾಗಿ ಬಿಡಬೇಕೇ ಹೊರತು ನೀರನ್ನು ಆಸಿಡ್ಡಿಗೆ ಸುರಿಯಬಾರದು. ಏನನ್ನೇ ಆದರೂ ನೇರ ಮೂಸಬಾರದು, ಅಂಗೈಯಿಂದ ಗಾಳಿಯನ್ನು ಮೂಗಿನತ್ತ ಬೀಸಿಕೊಳ್ಳಬೇಕು. ಇದನ್ನೆಲ್ಲ ಮಕ್ಕಳಿಗೆ ಕಲಿಸಿದ್ದು ನಾನು ಎಂದು ನಾನು ಅಂದುಕೊಂಡಿದ್ದೆ. ನಿಜಕ್ಕೂ ಕಲಿಸಿದ್ದು ಅಕ್ಕ. ತೊಳೆಯುವಾಗ ಲೇಬಲ್ಲು ಕಿತ್ತುಹೋದ ಶೀಶೆಗಳನ್ನು ಒಂದೊಂದಾಗಿ ಬೀಸಿ ಮೂಸಿ, "ಇದು ಅಮೋನಿಯಾ, ಇದು ಸ್ಪಿರಿಟ್ಟು, ಇದು ವಿನೆಗರಿನ ಅಣ್ಣ" ಎಂದು ಹೊಸ ಲೇಬಲ್ಲು ಅಂಟಿಸುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ಒಂದೂ ತಪ್ಪಿರಲಿಲ್ಲ.

ಅವರ ಗಂಡ ಬಡಗಿ. ನಮ್ಮ ಲ್ಯಾಬಿನ ಟೆಸ್ಟ್‌ಟ್ಯೂಬ್ ಸ್ಟ್ಯಾಂಡುಗಳೆಲ್ಲ ಅವರ ಕೈಯವೇ. ಒಂದು ದಿನ ಮಧ್ಯಾಹ್ನ ಕೆಲಸದ ಜಾಗದಲ್ಲೇ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಮಕ್ಕಳಿಲ್ಲ, ಅಣ್ಣತಮ್ಮಂದಿರಿಲ್ಲ. ಹದಿಮೂರನೇ ದಿನಕ್ಕೆ ಅಕ್ಕ ಕೆಲಸಕ್ಕೆ ಬಂದರು. ಮಧ್ಯಾಹ್ನ ನನ್ನ ಮೇಜಿನ ಹತ್ತಿರ ನಿಂತು ಕೇಳಿದರು: "ಮೇಡಂ, ಆ ಅಗಲ ಬಾಯಿ ಶೀಶೆಗೆ ಬಿರಡೆ ಸುತ್ತ ವ್ಯಾಸಲೀನ್ ಹಚ್ಚಿ ಬಿಗಿ ಮಾಡಿದ್ರೆ, ಒಳಗಿರೋ ವಾಸನೆ ಎಷ್ಟು ದಿನ ಇರುತ್ತೆ?"

ನನ್ನ ಮುಂದೆ ನಲವತ್ತು ಉತ್ತರಪತ್ರಿಕೆ. ತಲೆ ಎತ್ತದೇ ಹೇಳಿದೆ: "ಮುಚ್ಚೇ ಇಟ್ರೆ ಬೇಕಾದಷ್ಟು ದಿನ ಇರುತ್ತೆ. ತೆಗೆದಾಗೆಲ್ಲ ಒಂದಿಷ್ಟು ಹೊರಗೆ ಹೋಗುತ್ತೆ."

"ಹೊರಗೆ ಹೋಗಿದ್ದು ನಾಶ ಆಗುತ್ತಾ?"

"ದ್ರವ್ಯ ನಾಶ ಆಗಲ್ಲ ಅಕ್ಕಾ, ಎಷ್ಟು ಸಲ ಪಾಠದಲ್ಲಿ ಕೇಳಿದ್ದೀರಿ? ಕೋಣೇಲೇ ಇರುತ್ತೆ."

ಅವರು ಒಂದು ಶೀಶೆ ಕೇಳಿದರು, ಕೊಟ್ಟೆ. ಯಾತಕ್ಕೆ ಎಂದು ಕೇಳುವಷ್ಟು ಪುರುಸೊತ್ತು ನನಗಿರಲಿಲ್ಲ. ಎರಡು ವರ್ಷ ಕಳೆದ ಮೇಲೆ ಅವರೇ ಹೇಳಿದರು. ಅದರೊಳಗೆ ಗಂಡನ ಒಗೆಯದ ಅಂಗಿ ಇದೆಯಂತೆ. ಮರದ ಹೊಟ್ಟು, ಪಾಲಿಶು, ಅವರ ಬೆವರು, ಎಲ್ಲ ಸೇರಿದ ಒಂದು ವಾಸನೆ. ವರ್ಷಕ್ಕೆ ಒಂದೇ ಸಲ, ಅವರು ಹೋದ ದಿನ, ಬಿರಡೆ ತೆಗೆದು ಒಂದೇ ಒಂದು ಉಸಿರು ಎಳೆದುಕೊಂಡು ಮುಚ್ಚಿಬಿಡುತ್ತಾರಂತೆ. "ಆ ಒಂದು ಉಸಿರಲ್ಲಿ ವರ್ಷ ದೂಡ್ತೀನಿ ಮೇಡಂ" ಎಂದರು. ನಾನು "ಹೂಂ" ಎಂದೆ.

ಗಂಡ ಹೋದ ಮೇಲೆ ಅಕ್ಕ ಸಂಜೆ ಲ್ಯಾಬಿನಿಂದ ಹೊರಡಲು ತಡಮಾಡತೊಡಗಿದರು. ತೊಳೆದ ಬೀಕರನ್ನೇ ಮತ್ತೆ ತೊಳೆಯುವುದು, ಕತ್ತರಿಸಿದ ಲಿಟ್ಮಸ್ ಕಾಗದವನ್ನು ಮತ್ತೆ ಎಣಿಸುವುದು. ಒಂದು ದಿನ ಪರಮಾಣುವಿನ ಪಾಠ ನಡೆದಿತ್ತು. ನಡುವೆ ಇಷ್ಟೇ ಇಷ್ಟು ನ್ಯೂಕ್ಲಿಯಸ್ಸು, ಎಲ್ಲೋ ದೂರದಲ್ಲಿ ಎಲೆಕ್ಟ್ರಾನುಗಳು, ಉಳಿದದ್ದೆಲ್ಲ ಖಾಲಿ ಜಾಗ ಎಂದೆ. ಹಿಂದಿನ ಬಾಗಿಲಿನಿಂದ ಅಕ್ಕನ ದನಿ ಬಂತು: "ಅಯ್ಯೋ, ನನ್ನ ಮನೆ ಥರಾನೇ ಇದೆಯಲ್ಲ ಮೇಡಂ!" ಮಕ್ಕಳು ಗೊಳ್ಳೆಂದು ನಕ್ಕರು, ಅಕ್ಕನೂ ನಕ್ಕರು. ನಾನು ಡಸ್ಟರಿನಿಂದ ಮೇಜು ಕುಟ್ಟಿ ಎಲ್ಲರ ಬಾಯಿ ಮುಚ್ಚಿಸಿದೆ.

ಗಂಡ ಹೋದ ಒಂಬತ್ತನೇ ವರ್ಷ, ಹೊಸ ಮಕ್ಕಳು ಬಂದರು. ಮೊದಲ ಪಾಠ. ಅಕ್ಕ ತುಂಬಿಸಿಟ್ಟ ಶೀಶೆಯ ಮೇಲೆ ಅವರದೇ ಗುಂಡು ಅಕ್ಷರದಲ್ಲಿ 'ಅಮೋನಿಯಾ' ಎಂದಿತ್ತು. ತಟ್ಟೆಗೆ ಸುರಿದೆ. ಘಾಟು ಬರುತ್ತಲೇ ಮುಖ ಹಿಂದಕ್ಕೆ ಎಳೆದುಕೊಳ್ಳಬೇಕು ಎಂದು ಕಾದೆ, ಏನೂ ಬರಲಿಲ್ಲ. ನೆಗಡಿ ಇರಬೇಕು ಎಂದುಕೊಂಡೆ. ಅಷ್ಟರಲ್ಲಿ ಮೊದಲ ಬೆಂಚಿನಲ್ಲಿ ಒಂದು ಕೈ ಎದ್ದಿತು. ಅದನ್ನು ನೋಡಿ ಪಕ್ಕದ್ದು. ಎರಡನೇ ಬೆಂಚಿನವರು ಮೂಗನ್ನೂ ಮುಚ್ಚಿಕೊಂಡರು. ಒಬ್ಬಳಂತೂ ಕೆಮ್ಮಿದಳು! ಕೊನೆಯ ಬೆಂಚಿನ ಕೈಗಳು ಎದ್ದ ಮೇಲೆ, ಸರಿಯಾದ ಹೊತ್ತಿಗೆ, ಬಾಗಿಲ ಹತ್ತಿರ ಅಕ್ಕನ ಕೈ ಎದ್ದಿತು. "ಬಂತು ಮೇಡಂ."

ನಾನು ಬಗ್ಗಿ ಮೂಸಿದೆ. ಬೆರಳು ಅದ್ದಿ ಉಜ್ಜಿ ನೋಡಿದೆ. ಬರೀ ನೀರು.

ತಲೆ ಕೆಟ್ಟುಹೋಯಿತು. "ಎಲ್ಲಾ ಸುಳ್ಳರು!" ಎಂದು ಕಿರುಚಿದೆ. "ಇದು ನೀರು. ಕಂಡದ್ದು ಬರೀಬೇಕು, ಗೊತ್ತಿದ್ದದ್ದಲ್ಲ. ವಾಸನೆ ಬರದೇ ಕೈ ಎತ್ತೋರು ವಿಜ್ಞಾನ ಓದೋಕೆ ಯಾಕೆ ಬಂದ್ರಿ? ಅಕ್ಕಾ, ಈ ಮಕ್ಕಳಿಗೆ ಬುದ್ಧಿ ಇಲ್ಲ, ನಿಮಗೇನಾಗಿದೆ?"

ಅಕ್ಕ ಎತ್ತಿದ ಕೈಯನ್ನು ಇಳಿಸುವುದನ್ನೇ ಮರೆತು ನಿಂತಿದ್ದರು.

ನೀರು ಇಲ್ಲಿದ್ದರೆ ಅಮೋನಿಯಾ ಎಲ್ಲಿ ಹೋಯಿತು? ಲ್ಯಾಬಿಗೆ ಓಡಿದೆ. ಸಿಂಕಿನ ಮೇಲಿನ ಶೆಲ್ಫಿನಲ್ಲಿ, ಕಣ್ಣಿಗೇನಾದರೂ ಸಿಡಿದರೆ ತೊಳೆಯಲೆಂದು ಇಡುವ ಶುದ್ಧ ನೀರಿನ ಶೀಶೆ ಇರುತ್ತದೆ. ಅದರ ಬಿರಡೆ ತೆಗೆದೆ. ಘಾಟು ನೆತ್ತಿಗೇರಿತು. ಯಾವುದೋ ಮಗು ಉರಿಯುವ ಕಣ್ಣಿಗೆ ಇದನ್ನು ಸುರಿದುಕೊಂಡಿದ್ದರೆ?

ಹಿಂದೆ ಬಂದು ನಿಂತ ಅಕ್ಕನಿಗೆ ಬಾಯಿಗೆ ಬಂದಂತೆ ಬೈದೆ. ನಿಮ್ಮನ್ನು ನಾಳೆಯೇ ರೆಕಾರ್ಡ್ ರೂಮಿಗೆ ಹಾಕಿಸುತ್ತೇನೆ ಎಂದೆ. ನೆಲಮಾಳಿಗೆಯ ಆ ಕೋಣೆಗೆ ತಿಂಗಳಿಗೊಬ್ಬರೂ ಹೋಗುವುದಿಲ್ಲ. ಅಕ್ಕ ಎರಡೂ ಶೀಶೆಗಳನ್ನು ಖಾಲಿ ಮಾಡಿ, ತೊಳೆದು, ಬೋರಲು ಹಾಕಿ, ಚೀಲ ತೆಗೆದುಕೊಂಡು ಹೋದರು. ಅಷ್ಟು ವರ್ಷದಲ್ಲಿ ಮೊದಲ ಸಲ ಗಂಟೆ ಹೊಡೆಯುವ ಮುಂಚೆ ಹೋದರು.

ಕೋಪ ಇಳಿದ ಮೇಲೆ ಬುದ್ಧಿ ಬರುವುದು ನನ್ನ ಹಣೆಬರಹ. ಮಕ್ಕಳು ಒಬ್ಬರನ್ನೊಬ್ಬರು ನೋಡಿ ಕೈ ಎತ್ತಿದ್ದರು, ಸರಿ. ಆದರೆ ಅಕ್ಕನ ಆ ಮೂಗು? ಕುಳಿತಲ್ಲೇ ಹೊಳೆಯಿತು. ಸಂಜೆ ಡ್ರಾಯರಿನಿಂದ ಲಿಟ್ಮಸ್ ಕಾಗದದ ಎರಡು ಪುಸ್ತಕ ಎತ್ತಿಕೊಂಡು ಅಕ್ಕನ ಮನೆ ಹುಡುಕಿ ಹೊರಟೆ. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ.

ಔಷಧಿ ಅಂಗಡಿಯ ಮೇಲೆ ಒಂದೇ ಕೋಣೆ. ಒಂದು ಮಂಚ, ಒಂದು ಕುರ್ಚಿ, ಗಂಡ ಮಾಡಿದ ಕಪಾಟು. ಒಳಗೆ ಕಾಲಿಟ್ಟರೆ ಉಸಿರು ಕಟ್ಟುವ ಹಾಗಿತ್ತು. ಒಲೆಯ ಪಕ್ಕದ ಪಾತ್ರೆಯಲ್ಲಿ ನಿನ್ನೆ ಮೊನ್ನೆಯದೇನೋ ಹಳಸಿ ನಾರುತ್ತಿತ್ತು. ಅದನ್ನೇ ತಟ್ಟೆಗೆ ಬಡಿಸಿಕೊಂಡು ಅಕ್ಕ ಊಟಕ್ಕೆ ಕೂತಿದ್ದರು.

"ಅದನ್ನ ತಿನ್ಬೇಡಿ!" ಎಂದೆ. "ಹಳಸಿದೆ."

"ಹೌದಾ?" ಎಂದು ಅಕ್ಕ ತಟ್ಟೆ ನೋಡಿದರು. "ನನಗೆ ಗೊತ್ತಾಗಲ್ಲ ಮೇಡಂ. ಎರಡು ವರ್ಷದ ಹಿಂದೆ ಆ ಜ್ವರ ಬಂತಲ್ಲ, ಆವತ್ತಿಂದ ಮೂಗು ಸತ್ತೇಹೋಗಿದೆ. ಡಾಕ್ಟ್ರು ಇನ್ನು ಬರಲ್ಲ ಅಂದ್ರು. ಮನೇಲಿ ಇನ್ನೊಬ್ರು ಇದ್ದಿದ್ರೆ ಅದು ಸೀದಿದೆ, ಇದು ಹಳಸಿದೆ ಅಂತ ಹೇಳ್ತಿದ್ರು."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಲ್ಯಾಬಿಂದ ಕಳಿಸಿಬಿಡ್ತಿದ್ರಿ. ನಾನು ದಿನಾ ಮಾತು ಕೇಳೋದು ಅಲ್ಲೇ ಮೇಡಂ. ನೀವು ಬೈಯೋದಾದ್ರೂ ಸೈ." ಅವರು ತಟ್ಟೆಯನ್ನು ಬದಿಗೆ ಸರಿಸಿದರು. "ಇವತ್ತು ಮಾಡಿದ್ದು ತಪ್ಪು. ಮಗೂನ ಕಣ್ಣು ಹೋಗ್ತಿತ್ತು. ರೆಕಾರ್ಡ್ ರೂಮಿಗೆ ಹಾಕಿ, ಹೋಗ್ತೀನಿ."

ನನಗೆ ಸಮಾಧಾನ ಮಾಡಲು ಬರುವುದಿಲ್ಲ, ಪಾಠ ಮಾಡಲು ಬರುತ್ತದೆ. ಲಿಟ್ಮಸ್ ಪುಸ್ತಕಗಳನ್ನು ಮಂಚದ ಮೇಲೆ ಎಸೆದೆ. "ಕೆಂಪು ಕಾಗದ ಒದ್ದೆ ಮಾಡಿ ಶೀಶೆ ಬಾಯಿಗೆ ಹಿಡೀರಿ. ನೀಲಿಯಾದ್ರೆ ಅಮೋನಿಯಾ. ಹೆಸರಿಲ್ಲದ ಶೀಶೆ ಇನ್ಮೇಲೆ ನೀವು ಮುಟ್ಟಬಾರದು, ನನಗೆ ತೋರಿಸಬೇಕು. ಕಣ್ಣು ತೊಳೆಯೋ ನೀರು ನಾನೇ ತುಂಬಿಸ್ತೀನಿ. ರೆಕಾರ್ಡ್ ರೂಮಿಗೆ ಹೆಗ್ಗಣಗಳು ಹೋಗ್ಲಿ. ನಾಳೆ ಒಂಬತ್ತಕ್ಕೆ ಬನ್ನಿ."

ಅಕ್ಕ ಕಾಗದ ಕೈಗೆತ್ತಿಕೊಂಡರು. "ಈ ಕಾಗದ ಕತ್ತರಿಸಿ ಕತ್ತರಿಸಿ ಮಕ್ಕಳಿಗೆ ಕೊಟ್ಟಿದ್ದು ನಾನೇ. ನನಗೇ ಹೊಳೀಲಿಲ್ಲ ನೋಡಿ" ಎಂದು ಅಳುತ್ತಲೇ ನಕ್ಕರು.

ಸೆಖೆ ತಾಳಲಾರದೆ ನಾನು ಎದ್ದು ಕಿಟಕಿಯ ಚಿಲಕಕ್ಕೆ ಕೈ ಹಾಕಿದೆ. "ಬೇಡ ಮೇಡಂ!" ಎಂದು ಅಕ್ಕ ಚೀರಿದರು. "ಹೊರಗೆ ಬಂದಿದ್ದು ಕೋಣೇಲೇ ಇರುತ್ತೆ ಅಂತ ನೀವೇ ಹೇಳಿದ್ರಲ್ಲ. ಅವತ್ತಿಂದ ನಾನು ಕಿಟಕಿ ತೆಗೆದಿಲ್ಲ."

ಒಂಬತ್ತು ವರ್ಷ. ತಲೆ ಎತ್ತದೇ ಆಡಿದ ಒಂದು ಮಾತಿಗೆ ಒಂಬತ್ತು ವರ್ಷ ಈ ಹೆಂಗಸು ಗಾಳಿ ಇಲ್ಲದೇ ಬದುಕಿದ್ದರು. ನಾನು ಚಿಲಕ ಬಿಟ್ಟು ಕೂತೆ.

ಅಕ್ಕ ಕಪಾಟಿನಿಂದ ಆ ಅಗಲ ಬಾಯಿಯ ಶೀಶೆಯನ್ನು ತಂದು ನನ್ನ ಮುಂದಿಟ್ಟರು. ಒಳಗೆ ಮಡಿಸಿದ ಬೂದು ಅಂಗಿ. "ಅಮೋನಿಯಾಕ್ಕೆ ಕಾಗದ ಕೊಟ್ರಿ. ಇದಕ್ಕೆ ಯಾವ ಕಾಗದ ಇದೆ ಮೇಡಂ?"

"ಇದಕ್ಕೆ ಇಲ್ಲ ಅಕ್ಕಾ."

"ಹಾಗಾದ್ರೆ ನೀವು ಮೂಸಿ ನೋಡ್ತೀರಾ? ಎರಡು ವರ್ಷದಿಂದ ತೆಗೆದಾಗ ಏನೂ ಇಲ್ಲ. ಖಾಲಿ ಆಗಿರೋದು ಶೀಶೆನೋ ನನ್ನ ಮೂಗೋ, ಅಷ್ಟು ಗೊತ್ತಾದ್ರೆ ಸಾಕು."

ಹೇಳಿದವರೇ ಹೋಗಿ ಬಾಗಿಲಿಗೆ ಒರಗಿ ನಿಂತರು, ತರಗತಿಯಲ್ಲಿ ನಿಲ್ಲುವ ಹಾಗೆಯೇ. ನಾನು ಬಿರಡೆ ತಿರುಗಿಸಿ ತೆಗೆದು, ಬೆರಳ ಸಂದಿಯಲ್ಲಿ ಹಿಡಿದುಕೊಂಡೆ. ಅಂಗೈಯಿಂದ ಗಾಳಿ ಬೀಸಿಕೊಂಡೆ. ಇನ್ನೊಮ್ಮೆ ಬೀಸಿಕೊಂಡೆ. ಆಮೇಲೆ ನಿಯಮವನ್ನೆಲ್ಲ ಬದಿಗಿಟ್ಟು ಮುಖವನ್ನೇ ಶೀಶೆಯ ಬಾಯಿಗೆ ಒಡ್ಡಿದೆ. ವ್ಯಾಸಲೀನು. ಹಳೆಯ ಬಟ್ಟೆ. ಮರದ ಹೊಟ್ಟಿಲ್ಲ, ಪಾಲಿಶಿಲ್ಲ, ಯಾವ ಮನುಷ್ಯನೂ ಇರಲಿಲ್ಲ.

ಅಕ್ಕ ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದರು.

ನಾನು ಕೈ ಎತ್ತಿದೆ. "ಬಂತು ಅಕ್ಕಾ" ಎಂದೆ.

"ಮರದ ಹೊಟ್ಟಾ?"

"ಹೂಂ. ಪಾಲಿಶೂ ಇದೆ."

"ಮುಚ್ಚಿ ಮೇಡಂ, ಬೇಗ ಮುಚ್ಚಿ" ಎಂದು ಅಕ್ಕ ಓಡಿಬಂದು, ಬಿರಡೆ ಹಿಡಿದ ನನ್ನ ಕೈಯನ್ನು ಎರಡೂ ಕೈಯಿಂದ ಶೀಶೆಯ ಬಾಯಿಗೆ ಒತ್ತಿದರು. "ಎಲ್ಲಾ ಹೊರಗೆ ಹೋಗ್ಬಿಡುತ್ತೆ."